ಶಾಸನದ ಕಲ್ಲಿನಿಂದ ಬಸ್‌ಸ್ಟ್ಯಾಂಡಿನವರೆಗೆ

ಐಹೊಳೆಯ ಮೇಗುತಿ ಗುಡ್ಡ. ಡಿಸೆಂಬರ್ ತಿಂಗಳು, ಶಾಲೆಗಳ ಪ್ರವಾಸದ ಕಾಲ. ಐವತ್ತು ಅರವತ್ತು ಮಕ್ಕಳು ಮೆಟ್ಟಿಲು ಹತ್ತಿ ಬಂದು ಬಸದಿಯ ಪೂರ್ವದ ಗೋಡೆಯ ಮುಂದೆ ಏದುಸಿರು ಬಿಡುತ್ತ ನಿಂತಿದ್ದರು. ಅವರ ಮಾಸ್ತರು ಗೋಡೆಯತ್ತ ಕೈ ಮಾಡಿ, “ನೋಡ್ರಿ, ಪುಲಿಕೇಶಿ ಹರ್ಷವರ್ಧನನ್ನ ಸೋಲಿಸಿದ್ದು ಇಲ್ಲೇ ಬರದಾರ” ಎಂದರು. ಎರಡು ಜಡೆಯ ಒಬ್ಬ ಹುಡುಗಿ ಮುಂದೆ ಬಂದು ಕತ್ತೆತ್ತಿ ನೋಡಿದಳು. “ಎಲ್ಲೈತ್ರಿ ಸರ? ಯಾವ ಸಾಲಿನಾಗ?”

ಮಾಸ್ತರು ಸುಮ್ಮನಾದರು. ಪಕ್ಕದಲ್ಲಿ ಚೀಲ ಹೆಗಲಿಗೇರಿಸಿ ನಿಂತಿದ್ದ ನನ್ನನ್ನು ನೋಡಿದರು. ನನ್ನ ಚೀಲದಲ್ಲಿ ಬಾದಾಮಿ ಚಾಲುಕ್ಯರ ಮೇಲೆ ನಾನೇ ಬರೆದ ಪುಸ್ತಕದ ಹತ್ತು ಪ್ರತಿಗಳಿದ್ದವು. ಅದರೊಳಗೆ ಇದೇ ಗೋಡೆಯ ಚಿತ್ರವಿತ್ತು, ಶಾಸನದ ಸಾರಾಂಶವಿತ್ತು. ಆದರೆ 19 ಸಾಲುಗಳ ಆ ಬರಹದಲ್ಲಿ ಹರ್ಷನ ಹೆಸರು ಎಲ್ಲಿ ಕೂತಿದೆ ಎಂದು ಬೆರಳಿಟ್ಟು ತೋರಿಸಲು ನನ್ನಿಂದ ಆಗಲಿಲ್ಲ. ಹುಡುಗಿ ಒಂದು ಗಳಿಗೆ ಕಾದಳು, ಆಮೇಲೆ ಗೆಳತಿಯರ ಹಿಂದೆ ಓಡಿದಳು.

ಆ ಪ್ರಶ್ನೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಮಾರನೆಯ ವರ್ಷ ಕೀಲ್‌ಹಾರ್ನ್ ಸಂಪಾದಿಸಿ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಅಚ್ಚಾದ ಪಾಠದ ನಕಲು ಹಿಡಿದು ಮತ್ತೆ ಗುಡ್ಡ ಹತ್ತಿದೆ. ಭಾಷೆ ಸಂಸ್ಕೃತ, ಲಿಪಿ ಆ ಕಾಲದ ಕನ್ನಡದ್ದು. ಎರಡು ಗಂಟೆ ಅಕ್ಷರದ ಹಿಂದೆ ಅಕ್ಷರ ಹಿಡಿದು ಹೋದ ಮೇಲೆ ಆ ಹೆಸರು ಸಿಕ್ಕಿತು. ಕವಿ ರವಿಕೀರ್ತಿ ಅಲ್ಲಿ ಹರ್ಷನ ಹೆಸರಿನ ಮೇಲೆಯೇ ಶ್ಲೇಷೆ ಆಡಿದ್ದಾನೆ, ಹೆಸರಿನಲ್ಲಿದ್ದ ಸಂತೋಷವನ್ನೇ ಯುದ್ಧಭೂಮಿಯಲ್ಲಿ ಕಿತ್ತುಕೊಂಡಿದ್ದಾನೆ. ಎರಡನೆಯ ಮುದ್ರಣಕ್ಕೆ ಆ ಅಕ್ಷರಗಳ ಚಿತ್ರವನ್ನು ಹತ್ತಿರದಿಂದ ತೆಗೆಸಿ ಒಂದು ಇಡೀ ಪುಟಕ್ಕೆ ಹಾಕಿದೆ, ಕೆಳಗೆ ಈಗಿನ ಕನ್ನಡ ಲಿಪಿಯಲ್ಲಿ ಒಂದೊಂದೇ ಅಕ್ಷರ. ಇಡೀ ಪುಸ್ತಕದಲ್ಲಿ ಓದುಗರು ಹೆಚ್ಚು ಹೊತ್ತು ನಿಲ್ಲುವ ಪುಟ ಅದೇ. ಜನರಿಗಾಗಿ ಇತಿಹಾಸ ಬರೆಯುವುದೆಂದರೆ ಏನು ಎಂದು ನನಗೆ ತಿಳಿಸಿದ ಪುಟವೂ ಅದೇ. ಏನಾಯಿತು ಎಂದು ಹೇಳಿದರೆ ಅರ್ಧ ಕೆಲಸ. ಅದು ನಮಗೆ ಗೊತ್ತಾದದ್ದು ಹೇಗೆ ಎಂದು ತೋರಿಸಿದಾಗ ಓದುಗ ಪುಸ್ತಕದ ಒಳಗೆ ಬಂದು ಕೂರುತ್ತಾನೆ.

ಸುಮಾರು 600ರಿಂದ 1200ರವರೆಗಿನ ಕಾಲವನ್ನು ಇತಿಹಾಸಕಾರರು ಆರಂಭಿಕ ಮಧ್ಯಕಾಲ ಎನ್ನುತ್ತಾರೆ. ನಮ್ಮ ನಾಡಿನ ಮಟ್ಟಿಗೆ ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ತಲಕಾಡಿನ ಗಂಗರು, ಕಲ್ಯಾಣದ ಚಾಲುಕ್ಯರು ಎಲ್ಲರೂ ಬಹುಮಟ್ಟಿಗೆ ಈ ಆರು ನೂರು ವರ್ಷದೊಳಗೇ ಬರುತ್ತಾರೆ. ‘ಕವಿರಾಜಮಾರ್ಗ’ ಈ ಕಾಲದ್ದು, ಪಂಪ ಈ ಕಾಲದವನು, ಪಟ್ಟದಕಲ್ಲು ಎದ್ದದ್ದು ಈ ಕಾಲದಲ್ಲಿ. ಆದರೂ ಪುಸ್ತಕದಂಗಡಿಯ ಇತಿಹಾಸದ ಕಪಾಟಿನ ಮುಂದೆ ನಿಂತು ನೋಡಿ: ವಿಜಯನಗರ, ಟಿಪ್ಪು, ಚೆನ್ನಮ್ಮ, ಮೈಸೂರು ಒಡೆಯರು. ಚಾಲುಕ್ಯರ ಪುಸ್ತಕ ಸಿಕ್ಕರೆ ಅದು ಪರೀಕ್ಷೆಗೆ ಓದುವವರದ್ದು.

ಕಾರಣ ಇದೆ. ಹಂಪಿಯ ಬೀದಿಯಲ್ಲಿ ಏನು ಮಾರುತ್ತಿದ್ದರು ಎಂದು ಹೇಳಲು ಪೋರ್ಚುಗೀಸರಾದ ಪಯಸ್, ನ್ಯೂನಿಜ್ ಇದ್ದಾರೆ. ಬಾದಾಮಿಯ ಬೀದಿಗೆ ಅಂಥವರು ಯಾರೂ ಇಲ್ಲ. 641ರ ಸುಮಾರಿಗೆ ಪುಲಿಕೇಶಿಯ ರಾಜ್ಯಕ್ಕೆ ಬಂದ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇಲ್ಲಿನ ಜನ ಸ್ವಾಭಿಮಾನಿಗಳು, ಉಪಕಾರ ಮರೆಯರು, ಅಪಕಾರವನ್ನೂ ಮರೆಯರು, ಯುದ್ಧಕ್ಕೆ ಹೊರಡುವ ಆನೆಗಳಿಗೆ ಮದ್ಯ ಕುಡಿಸುತ್ತಾರೆ ಎಂದು ಒಂದೆರಡು ಪುಟ ಬರೆದಿಟ್ಟು ಮುಂದೆ ಹೋದ. ಉಳಿದದ್ದೆಲ್ಲ ಕಲ್ಲು, ತಾಮ್ರದ ತಗಡು, ಕೆಲವು ಕಾವ್ಯ. ಈ ಕಾಲದ ಜನಪ್ರಿಯ ಪುಸ್ತಕ ಕಲ್ಲಿನಿಂದಲೇ ಹುಟ್ಟಬೇಕು.

ಕಲ್ಲಾದರೋ ಸುಮ್ಮನೆ ಮಾತಾಡುವುದಿಲ್ಲ, ಹೊಗಳುತ್ತದೆ. ಐಹೊಳೆಯ ಶಾಸನ ಹೆಸರಿಗೆ ಒಂದು ಜಿನಾಲಯ ಕಟ್ಟಿಸಿದ ದಾಖಲೆ. ಬಹುಪಾಲು ಸಾಲುಗಳು ಹೋಗಿರುವುದು ಪುಲಿಕೇಶಿಯ ದಿಗ್ವಿಜಯಕ್ಕೆ. ಕೊನೆಗೆ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. ಅವನು ಹಾಗೆ ಬರೆದದ್ದರಿಂದ ಆ ಇಬ್ಬರು ಕವಿಗಳು 634ಕ್ಕಿಂತ ಮೊದಲಿನವರು ಎಂದು ನಮಗೆ ಖಚಿತವಾಯಿತು, ಅದು ಬೇರೆ ಮಾತು. ಒಡೆಯನ ಪ್ರಚಾರ, ದೇಗುಲದ ಪ್ರಚಾರ, ಕವಿಯ ಪ್ರಚಾರ ಮೂರೂ ಒಂದೇ ಗೋಡೆಯಲ್ಲಿವೆ. ಸಾವಿರದ ನಾನೂರು ವರ್ಷದ ಮೇಲೆ ಇವತ್ತು ಬರೆಯುವವನು ಈ ಹೊಗಳಿಕೆಯನ್ನೇ ಹೊಸಗನ್ನಡಕ್ಕೆ ಇಳಿಸಿ ಮೇಲೆ ನಾಲ್ಕು ಉದ್ಗಾರ ಚಿಹ್ನೆ ಹಾಕಿದರೆ ಅವನು ಇತಿಹಾಸಕಾರನಲ್ಲ, ಪುಲಿಕೇಶಿಯ ಆಸ್ಥಾನದಲ್ಲಿ ಇನ್ನೊಬ್ಬ ಭಟ್ಟಂಗಿ. ಮೊಬೈಲಿನಲ್ಲಿ ಹರಿದಾಡುವ ಬರಹಗಳಲ್ಲಿ ಮುಕ್ಕಾಲು ಪಾಲು ಇದೇ.

ಗೋಡೆಯ ಶಾಸನ 634ರದ್ದು, ಹಾಗಾಗಿ ಹರ್ಷನ ಜೊತೆಗಿನ ಯುದ್ಧವೂ ಅದರ ಆಸುಪಾಸಿನದೇ ಇರಬೇಕು ಎಂದು ಬಹುಕಾಲ ಅನೇಕರು ಬರೆದರು. ನಾನೂ ಹಾಗೇ ಬರೆದಿದ್ದೆ. 2016ರ ಸುಮಾರಿಗೆ ಪುಣೆಯ ಭಂಡಾರಕರ್ ಸಂಸ್ಥೆಯ ವಿದ್ವಾಂಸರು ಪುಲಿಕೇಶಿಯ ಒಂದು ತಾಮ್ರಪಟವನ್ನು ಓದಿ ಪ್ರಕಟಿಸಿದರು. ಅದರ ಕಾಲ 619. ಹರ್ಷನ ಸೋಲಿನ ಮಾತು ಅದರಲ್ಲಿ ಆಗಲೇ ಇದೆ. ಎರಡು ಅಂಗೈ ಅಗಲದ ತಗಡು ಹದಿನೈದು ವರ್ಷಗಳಷ್ಟು ಇತಿಹಾಸವನ್ನು ಹಿಂದಕ್ಕೆ ಸರಿಸಿತು. ಹೀಗಾದಾಗ ಪುಸ್ತಕ ಬರೆದವನಿಗೆ ಮೊದಲು ಸಂಕಟವಾಗುತ್ತದೆ. ಆಮೇಲೆ ಯೋಚಿಸಿದರೆ, ಜನರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿದೆ? ರಾಜ ಗೆದ್ದ ಕಥೆ ಎಲ್ಲರಿಗೂ ಗೊತ್ತು. ಒಂದು ತಗಡು ಗೆದ್ದ ಕಥೆ ಯಾರಿಗೂ ಗೊತ್ತಿಲ್ಲ.

ನನ್ನ ಮೊದಲ ಮುದ್ರಣದಲ್ಲಿ ಇದಕ್ಕಿಂತ ದೊಡ್ಡ ತಪ್ಪೊಂದಿತ್ತು. ಅಜಂತಾದ ಒಂದನೆಯ ಗುಹೆಯಲ್ಲಿ ಚೂಪು ಟೋಪಿಯ ವಿದೇಶಿಯರು ರಾಜನ ಮುಂದೆ ಕಾಣಿಕೆ ಹಿಡಿದು ನಿಂತ ಚಿತ್ರವಿದೆ. ಪರ್ಷಿಯಾದ ದೊರೆ ಖುಸ್ರು ಪುಲಿಕೇಶಿಯ ಆಸ್ಥಾನಕ್ಕೆ ಕಳಿಸಿದ ರಾಯಭಾರಿಗಳು ಇವರು ಎಂದು 19ನೆಯ ಶತಮಾನದಲ್ಲಿ ಫರ್ಗ್ಯುಸನ್ ಊಹಿಸಿದ. ಆ ಊಹೆ ಪಠ್ಯಪುಸ್ತಕ, ಕ್ಯಾಲೆಂಡರು, ಭಾಷಣಗಳಿಗೆಲ್ಲ ಇಳಿಯಿತು. ನಾನು ಅದನ್ನು ಬಣ್ಣದ ಪುಟವಾಗಿ ಹಾಕಿ “ಪುಲಿಕೇಶಿಯ ದರ್ಬಾರು” ಎಂದು ಬರೆದೆ. ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ಅಂಚೆ ಕಾರ್ಡು ಬರೆದರು: ಆ ಗುಹೆಯ ಚಿತ್ರಗಳು 5ನೆಯ ಶತಮಾನದ ಕೊನೆಯ ಭಾಗದವು ಎಂದು ವಿದ್ವಾಂಸರು ತೋರಿಸಿ ಎಷ್ಟೋ ಕಾಲವಾಯಿತು, ಪುಲಿಕೇಶಿ ಹುಟ್ಟುವುದಕ್ಕೆ ಮೊದಲೇ ಬಿಡಿಸಿದ ಚಿತ್ರದಲ್ಲಿ ಪುಲಿಕೇಶಿ ಹೇಗೆ ಕೂತಾನು? ಅವರು ಹೇಳಿದ್ದು ಸರಿ. ಎರಡನೆಯ ಮುದ್ರಣದಲ್ಲಿ ಚಿತ್ರವನ್ನು ತೆಗೆಯಲಿಲ್ಲ, ಅಲ್ಲೇ ಉಳಿಸಿಕೊಂಡು ಈ ತಪ್ಪು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ನಾನು ಹೇಗೆ ಅದಕ್ಕೆ ಬಿದ್ದೆ ಎಂದು ಎರಡು ಪುಟ ಬರೆದೆ. ಓದುಗರಿಂದ ಹೆಚ್ಚು ಪತ್ರ ಬಂದದ್ದು ಆ ಎರಡು ಪುಟಕ್ಕೆ.

ಗೊತ್ತಿಲ್ಲ ಎಂಬ ಮಾತನ್ನು ಜನಪ್ರಿಯ ಪುಸ್ತಕದಲ್ಲಿ ಬರೆಯಬಹುದೇ? ಇದರ ಮೇಲೆ ಪ್ರಕಾಶಕರೊಬ್ಬರ ಜೊತೆ ನನ್ನ ಮಾತು ಮುರಿದದ್ದುಂಟು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿದ. ಅಲ್ಲಿನ ಬಂಡೆಯ ಮೇಲೆ ಅವನದೇ ಶಾಸನವಿದೆ. ಅವತ್ತು ಪುಲಿಕೇಶಿ ಏನಾದ? ಕೋಟೆಯೊಳಗೆ ಸತ್ತನೋ, ಬಯಲಿನಲ್ಲಿ ಸತ್ತನೋ, ಎಲ್ಲಾದರೂ ಹೋದನೋ, ಒಂದು ಶಾಸನವೂ ಬಾಯಿ ಬಿಡುವುದಿಲ್ಲ. ಅವನ ಮಗ ಒಂದನೆಯ ವಿಕ್ರಮಾದಿತ್ಯ ರಾಜ್ಯವನ್ನು ಮತ್ತೆ ಕಟ್ಟಿಕೊಳ್ಳಲು 655ರವರೆಗೆ ಹಿಡಿಯಿತು. ನಡುವಿನ ಹದಿಮೂರು ವರ್ಷ ಹೆಚ್ಚುಕಡಿಮೆ ಕತ್ತಲು. ಆ ಕತ್ತಲನ್ನು ಕತ್ತಲೆಂದೇ ನಾನು ಬರೆದಿದ್ದೆ. “ಜನ ದುಡ್ಡು ಕೊಟ್ಟು ಗೊತ್ತಿಲ್ಲ ಅನ್ನೋದನ್ನ ಕೊಳ್ಳೋದಿಲ್ಲ. ಕೊನೇ ಕಾಳಗದ ಒಂದು ಅಧ್ಯಾಯ ಬರೆದುಕೊಡಿ” ಎಂದರು ಅವರು. ಬರೆಯಲಿಲ್ಲ. ಹಸ್ತಪ್ರತಿ ವಾಪಸು ಬಂತು.

ಕಾದಂಬರಿಕಾರನ ದಾರಿ ಬೇರೆ, ಅವನ ಮೇಲೆ ನನಗೆ ತಕರಾರಿಲ್ಲ. ಇದೇ ಯುದ್ಧವನ್ನು ಹಿಡಿದು 1940ರ ದಶಕದಲ್ಲಿ ಕಲ್ಕಿ ತಮಿಳಿನಲ್ಲಿ ‘ಶಿವಗಾಮಿಯಿನ್ ಶಪಥಂ’ ಬರೆದರು. ವಾರ ವಾರ ಪತ್ರಿಕೆಯಲ್ಲಿ ಬಂದ ಆ ಕಥೆಗೆ ಇಡೀ ತಮಿಳುನಾಡು ಕಾಯುತ್ತಿತ್ತು. ಅದರಲ್ಲಿ ಪುಲಿಕೇಶಿಗೆ ಅವನನ್ನೇ ಹೋಲುವ ಒಬ್ಬ ಅಣ್ಣನಿದ್ದಾನೆ, ಬೌದ್ಧ ಭಿಕ್ಷು ನಾಗನಂದಿ. ಅವನು ಇತಿಹಾಸದಲ್ಲಿಲ್ಲ, ಕಲ್ಕಿಯ ಕಲ್ಪನೆಯಲ್ಲಿದ್ದಾನೆ. ನಮ್ಮಲ್ಲಿ ದೇವುಡು ‘ಮಯೂರ’ ಬರೆದರು, 1975ರಲ್ಲಿ ಅದು ಸಿನಿಮಾ ಆಯಿತು, ಕದಂಬರ ಮಯೂರನೆಂದರೆ ನಮ್ಮ ಕಣ್ಣಿಗೆ ರಾಜ್‌ಕುಮಾರ್. ಓದಲೆಂದು ಕಂಚಿಗೆ ಹೋದ ಮಯೂರ ಒಬ್ಬ ಪಲ್ಲವ ಕುದುರೆ ಸವಾರನ ಜೊತೆ ಜಗಳವಾಗಿ ಅವಮಾನದಿಂದ ಕತ್ತಿ ಹಿಡಿದ ಎಂಬ ಮೂಲ ಎಳೆ ತಾಳಗುಂದದ ಕಂಬದ ಶಾಸನದಲ್ಲೇ ಇದೆ. ಕುಬ್ಜನೆಂಬ ಕವಿ 5ನೆಯ ಶತಮಾನದಲ್ಲಿ ಬರೆದದ್ದು. ಕಾದಂಬರಿ ಓದಿದವರನ್ನು ಆ ಕಂಬದ ಹತ್ತಿರಕ್ಕೆ ಕರೆದೊಯ್ಯುವ ಪುಸ್ತಕ ಇರಬೇಕು ಎಂಬುದು ನನ್ನ ಆಸೆ, ಕಾದಂಬರಿಯ ಜೊತೆ ಜಗಳವಲ್ಲ.

ಕಲ್ಲಿನ ಮೇಲೆ ಇರುವುದೇ ಎಷ್ಟು ಎಂಬುದಕ್ಕೆ ಆತಕೂರು ಶಾಸನ ಸಾಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949-50ರ ಬರಹ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಎದುರಿಸಿದ ಯುದ್ಧ, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು, ದಕ್ಷಿಣದ ರಾಜಕೀಯವನ್ನೇ ತಿರುಗಿಸಿದ ಈ ಘಟನೆಗಳೆಲ್ಲ ಅದರಲ್ಲಿವೆ. ಆದರೆ ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿರುವುದು ರಾಜನನ್ನಲ್ಲ. ಒಂದು ನಾಯಿ, ಒಂದು ಕಾಡುಹಂದಿ, ಒಂದಕ್ಕೊಂದು ಬಿದ್ದು ಕಚ್ಚಾಡುತ್ತಿವೆ. ಬೂತುಗನ ಭಟ ಮಣಲೆರ ಯುದ್ಧದಲ್ಲಿ ಪರಾಕ್ರಮ ತೋರಿದಾಗ ಒಡೆಯ ಏನು ಬೇಕೋ ಕೇಳು ಎಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದಿನ ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಮಣಲೆರ ಚಲ್ಲೇಶ್ವರ ದೇಗುಲದ ಮುಂದೆ ನಾಯಿಗಾಗಿ ಈ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಿಸಿದ. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದೂ ಬರೆಸಿದ.

ಈ ಕಥೆ ಹೇಳಿದಾಗ ಸಭೆ ಮೌನವಾಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಯಾವುದನ್ನೂ ಸೇರಿಸಬೇಕಿಲ್ಲ. ತಕ್ಕೋಲದ ಯುದ್ಧವನ್ನು ವಿವರಿಸಲು ನಾನು ಮೊದಲು ರಾಷ್ಟ್ರಕೂಟ ವಂಶಾವಳಿಯಿಂದ ಶುರು ಮಾಡುತ್ತಿದ್ದೆ, ಹಿಂದಿನ ಸಾಲಿನವರು ಎದ್ದು ಹೋಗುತ್ತಿದ್ದರು. ಈಗ ನಾಯಿಯಿಂದ ಶುರು ಮಾಡುತ್ತೇನೆ. ಕಾಳಿ ಯಾರದು, ಮಣಲೆರ ಯಾರ ಭಟ, ಅವನ ಒಡೆಯ ಯಾರ ಪರವಾಗಿ ಯಾರನ್ನು ಕೊಂದ ಎಂದು ಕೇಳುತ್ತ ಕೇಳುತ್ತ ಜನ ತಾವೇ ಕೃಷ್ಣನ ಪಾಳೆಯಕ್ಕೆ ಬಂದು ಮುಟ್ಟುತ್ತಾರೆ. ಪಟ್ಟದಕಲ್ಲಿನ ವಿರೂಪಾಕ್ಷದಲ್ಲೂ ಹೀಗೇ. ರಾಣಿ ಲೋಕಮಹಾದೇವಿ ಗಂಡ ಕಂಚಿ ಗೆದ್ದ ನೆನಪಿಗೆ ಕಟ್ಟಿಸಿದ ಗುಡಿ ಅದು. ಕಟ್ಟಿದವನು ಗುಂಡ, ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿತೆಂದು ಅಲ್ಲಿನ ಶಾಸನವೇ ಹೇಳುತ್ತದೆ. ಐಹೊಳೆಯಲ್ಲಿ ನರಸೊಬ್ಬನೆಂಬ ಶಿಲ್ಪಿಗೆ ಸಮನಾದವನು ಜಂಬೂದ್ವೀಪದಲ್ಲೇ ಇಲ್ಲ ಎಂದು ಕೆತ್ತಿದ್ದಾರೆ. ಇನ್ನು ಆ ಗಂಡ, ಎರಡನೆಯ ವಿಕ್ರಮಾದಿತ್ಯ, ಗೆದ್ದ ಕಂಚಿಯ ಕೈಲಾಸನಾಥ ದೇಗುಲದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ್ದು, ಈ ದೇವರ ಸಂಪತ್ತನ್ನು ನೋಡಿ ಮುಟ್ಟದೆ ಹಿಂದಕ್ಕೆ ಬಿಟ್ಟೆ ಎಂದು. ಬಾದಾಮಿಯ ಬಂಡೆಯ ಮೇಲೆ ಪಲ್ಲವನ ಬರಹ, ಪಲ್ಲವನ ಗುಡಿಯ ಕಂಬದಲ್ಲಿ ಚಾಲುಕ್ಯನ ಕನ್ನಡ. ಎರಡನ್ನೂ ಒಂದೇ ಪುಟದಲ್ಲಿ ಎದುರುಬದುರು ಇಟ್ಟರೆ ಯಾರ ಅಭಿಮಾನಕ್ಕೂ ಧಕ್ಕೆಯಿಲ್ಲದೆ ನೂರು ವರ್ಷದ ವೈರ ಕಣ್ಣಿಗೆ ಕಟ್ಟುತ್ತದೆ.

ಇಂಥದ್ದು ಬರೆಯಲು ನಮಗೆ ಬುನಾದಿ ಇಲ್ಲದಿಲ್ಲ. ಬಿ.ಎಲ್. ರೈಸ್ ಊರೂರು ತಿರುಗಿಸಿ ನಕಲು ಮಾಡಿಸಿದ ಒಂಬತ್ತು ಸಾವಿರದಷ್ಟು ಶಾಸನಗಳು 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಾಗಿ ಬಂದವು. 1966ರಲ್ಲಿ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಬಂತು. 450ರಿಂದ 1150ರವರೆಗಿನ ಶಾಸನಗಳಿಂದ ಜನರ ಬದುಕನ್ನೇ ಎತ್ತಿ ತೋರಿಸಿದ ಪುಸ್ತಕ. ಪಾಂಡಿತ್ಯದ ಗ್ರಂಥವಾದರೂ ನಡುರಾತ್ರಿಯವರೆಗೆ ಓದಿಸಿಕೊಳ್ಳುತ್ತದೆ. ಇನ್ನೂ ಹಿಂದೆ, 1917ರಲ್ಲಿ, ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಹೊರತಂದರು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಹೊತ್ತಿನಲ್ಲಿ ಚಾಲುಕ್ಯ, ರಾಷ್ಟ್ರಕೂಟರನ್ನು ಎದುರಿಗೆ ತಂದು ನಿಲ್ಲಿಸಿ ನೀವು ಒಂದೇ ಜನ ಎಂದು ಹೇಳಿದ ಪುಸ್ತಕ ಅದು. ಅದರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಅವತ್ತು ಬೇಕಾಗಿದ್ದ ಆ ವೈಭವದ ದನಿಯನ್ನೇ ನಾಡು ಒಂದಾಗಿ ಇಷ್ಟು ವರ್ಷವಾದ ಮೇಲೂ ಎಳೆದುಕೊಂಡು ಬರುತ್ತಿದ್ದೇವಲ್ಲ, ಅದು ಆಲೂರರ ತಪ್ಪಲ್ಲ, ನಮ್ಮದು.

ಬರೆದಾಯಿತು, ಮಾರುವುದು? ಇಲ್ಲಿ ನನಗೆ ಗುರು ಗಳಗನಾಥರು. ಹಾವೇರಿ ಸೀಮೆಯ ಗಳಗನಾಥ ಊರಿನವರು, ವರದೆ ತುಂಗಭದ್ರೆ ಕೂಡುವ ಜಾಗದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿ ನೋಡುತ್ತ ಬೆಳೆದವರು. ಐತಿಹಾಸಿಕ ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಆ ಪುಸ್ತಕಗಳ ಗಂಟನ್ನು ಹೊತ್ತು ಊರೂರಿಗೆ, ಮನೆ ಮನೆಗೆ ನಡೆದು ಹೋಗಿ ಮಾರಿದರು. ಮುಪ್ಪಿನಲ್ಲೂ ಬಿಡಲಿಲ್ಲ. ಕನ್ನಡದಲ್ಲಿ ಓದುವ ಹೆಂಗಸರ, ಸಣ್ಣ ನೌಕರರ ಒಂದು ದೊಡ್ಡ ಬಳಗ ಹುಟ್ಟಿದ್ದು ಹಾಗೆ. ಮುಂದೆ ಮೈಸೂರು ವಿಶ್ವವಿದ್ಯಾಲಯದವರು ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿದರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಉಪನ್ಯಾಸಗಳನ್ನೇ ಚಿಕ್ಕ ಪುಸ್ತಕಗಳಾಗಿ ಅಗ್ಗಕ್ಕೆ ಕೊಟ್ಟರು. ಕಿಸೆಯಲ್ಲಿ ಹಿಡಿಯುವ ಆ ಪುಸ್ತಕಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಇನ್ನೂ ಇವೆ.

ಈಗ ಕನ್ನಡದಲ್ಲಿ ಇಂಥ ಪುಸ್ತಕ ಸಾವಿರ ಪ್ರತಿ ಅಚ್ಚಾದರೆ ಹೆಚ್ಚು. ಪ್ರಕಾಶಕರ ಕಣ್ಣು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ, ಬೆಂಗಳೂರಿನ ಬಿಡುಗಡೆ ಸಮಾರಂಭದ ಮೇಲೆ. ನನ್ನ ಪುಸ್ತಕದ ಬಿಡುಗಡೆಯೂ ಹಾಗೇ ಆಯಿತು, ಅವತ್ತು ಮೂವತ್ತು ಪ್ರತಿ ಹೋದವು. ಆಮೇಲೆ ಗಳಗನಾಥರ ದಾರಿ ಹಿಡಿದೆ. ಬಾದಾಮಿಯ ಬಸ್‌ಸ್ಟ್ಯಾಂಡಿನ ಪತ್ರಿಕೆ ಮಾರುವ ಅಂಗಡಿಯವರಿಗೆ ಇಪ್ಪತ್ತು ಪ್ರತಿ ಕೊಟ್ಟು ಬಂದೆ. ವಾರಕ್ಕೆ ಮೊದಲೇ ಫೋನು: “ಸರ, ಪುಸ್ತಕ ಖಾಲಿ ಆದ್ವು. ಗೈಡ್ ಮಂದೀನ ಹತ್ತು ತಗೊಂಡ್ರು. ಇನ್ನಷ್ಟ ಕಳಸ್ರಿ.” ಗೈಡುಗಳು! ದಿನಾ ನೂರಾರು ಜನರಿಗೆ ಚಾಲುಕ್ಯರ ಕಥೆ ಹೇಳುವವರು ಅವರೇ. ಈ ನಾಡಿನ ಅತಿ ದೊಡ್ಡ ಇತಿಹಾಸ ಪ್ರಚಾರಕರು ಅವರು, ಅವರ ಕೈಗೆ ಸರಿಯಾದ ಕನ್ನಡ ಪುಸ್ತಕ ಕೊಡಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಅವರ ಜೊತೆ ಕೂತು ಪ್ರತಿಯೊಂದು ಅಧ್ಯಾಯ ಓದಿದೆ. ಎಲ್ಲಿ ಜನ ಪ್ರಶ್ನೆ ಕೇಳುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎಂದು ಅವರಿಗೆ ಗೊತ್ತಿದ್ದಷ್ಟು ಯಾವ ಸಂಪಾದಕನಿಗೂ ಗೊತ್ತಿಲ್ಲ.

ಇದೆಲ್ಲ ಇಷ್ಟು ಹಟದಿಂದ ಯಾಕೆ ಬೇಕು ಎಂದರೆ, ಕಲ್ಲುಗಳು ಹೋಗುತ್ತಿವೆ. ಬರಹದ ಕಲ್ಲಿನ ಕೆಳಗೆ ನಿಧಿ ಇರುತ್ತದೆ, ಆ ಅಕ್ಷರಗಳು ನಿಧಿಯ ಗುರುತು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಅಮಾವಾಸ್ಯೆಯ ರಾತ್ರಿ ಅಗೆದು, ಒಡೆದು ಹಾಕಿದ ಎಷ್ಟೋ ಕಲ್ಲುಗಳನ್ನು ನೋಡಿದ್ದೇನೆ. ಉಳಿದವು ಬಟ್ಟೆ ಒಗೆಯಲು, ಚರಂಡಿ ದಾಟಲು. ಓದಲು ಬಾರದ ಬರಹದ ಮೇಲೆ ಪ್ರೀತಿ ಎಲ್ಲಿಂದ ಬರಬೇಕು?

ಕಳೆದ ವರ್ಷ ಹುನಗುಂದದ ಕಡೆಯ ಒಂದು ಹಳ್ಳಿಯಿಂದ ಅಲ್ಲಿನ ಶಾಲೆಯ ಶಿಕ್ಷಕಿ ಫೋನ್ ಮಾಡಿದರು. ಊರ ಹೊರಗಿನ ವೀರಗಲ್ಲಿನ ಬುಡವನ್ನು ಯಾರೋ ಅಗೆದಿದ್ದಾರೆ, ನೀವು ಬಂದು ಅದರಲ್ಲೇನಿದೆ ಎಂದು ಹೇಳಬೇಕು ಎಂದರು. ಹೋದೆ. ಮೂರು ಹಂತದ ಕಲ್ಲು. ಕೆಳಗೆ ದನಗಳ ಹಿಂಡು, ಬಿಲ್ಲು ಹಿಡಿದ ವೀರ. ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಪಟ್ಟಿಗಳ ನಡುವೆ ನಾಲ್ಕು ಸಾಲು ಸವೆದ ಅಕ್ಷರ. ಹಗಲಿನ ನೆಟ್ಟ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಸಂಜೆಯಾಗಲಿ ಎಂದೆ.

ಕತ್ತಲಾಗುವ ಹೊತ್ತಿಗೆ ಊರಿನ ನೂರು ಜನ ಸೇರಿದ್ದರು. ಮಕ್ಕಳು ನೀರು ತಂದು ಮೆತ್ತನೆಯ ಬ್ರಷ್ಷಿನಿಂದ ಕಲ್ಲು ತೊಳೆದರು. ಮುಂದೆ ಕೂತಿದ್ದ ಒಬ್ಬ ಅಜ್ಜ, “ಇದರ ಬುಡಕ್ಕ ಏಳು ಕೊಪ್ಪರಿಗಿ ಬಂಗಾರ ಐತಿ ಅಂತ ನಮ್ಮ ಅಜ್ಜ ಹೇಳತಿದ್ದ” ಎಂದ. ಟಾರ್ಚನ್ನು ಅವನ ಕೈಗೇ ಕೊಟ್ಟು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಲು ಹೇಳಿದೆ. ಅಕ್ಷರಗಳು ಒಂದೊಂದಾಗಿ ನೆರಳು ಹೊತ್ತು ಎದ್ದು ನಿಂತವು. ಮೊದಲ ಸಾಲು ಸ್ವಸ್ತಿ ಎಂದು ಶುರುವಾಗಿತ್ತು. ಎರಡನೆಯ ಸಾಲಿನಲ್ಲಿ ತುರು ಎಂಬುದು ಸ್ಪಷ್ಟವಿತ್ತು. ತುರು ಅಂದರೆ ದನ, ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನ ಕಲ್ಲಿದು, ಅಕ್ಷರ ನೋಡಿದರೆ ರಾಷ್ಟ್ರಕೂಟರ ಕಾಲದ್ದು, ಸಾವಿರದ ನೂರು ವರ್ಷವಾದರೂ ಆಗಿದೆ ಎಂದೆ. ಯಾರೂ ಮಾತಾಡಲಿಲ್ಲ. ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು: “ಅವನ ಹೆಸರೇನ್ರಿ?”

ಮೂರನೆಯ ಸಾಲಿನಲ್ಲಿ ಹೆಸರಿನ ಜಾಗದಲ್ಲೇ ಗುದ್ದಲಿಯ ಹೊಸ ಏಟು ಬಿದ್ದಿತ್ತು. ಮೊದಲ ಅಕ್ಷರ ಹೋಗಿತ್ತು, ಕೊನೆಯಲ್ಲಿ ‘ಯ್ಯ’ ಎಂಬುದು ಮಾತ್ರ ಉಳಿದಿತ್ತು. ಅದನ್ನೇ ಹೇಳಿದೆ. ಅಜ್ಜ ಕಲ್ಲಿನ ಹತ್ತಿರಕ್ಕೆ ಇನ್ನಷ್ಟು ಸರಿದು ಕೂತ, ಕೈ ಸ್ವಲ್ಪ ಕೆಳಗಿಳಿಸಿ ಬೆಳಕನ್ನು ಆ ಗಾಯದ ಮೇಲೆ ಹಾಯಿಸಿದ.

“ಹಿಂಗ ಹಿಡದ್ರ ಕಾಣತೈತೇನ್ರಿ, ನೋಡ್ರಿ” ಎಂದ.